ಒಡವೆ ಪೆಟ್ಟಿಗೆ ಮಾಡಿಸಿ, ಬೀಗದ ಕೈ ಎರಡೂ ಅವಳಿಗೇ ಕೊಡಿ

ಮದುವೆ ಸೀಸನ್ ಬಂತೆಂದರೆ ತಾಲ್ಲೂಕು ಕೇಂದ್ರದ ಫ್ಯಾನ್ಸಿ ಸ್ಟೋರುಗಳಲ್ಲಿ ಕೆಂಪು ವೆಲ್ವೆಟ್ ಹೊದಿಸಿದ ಒಡವೆ ಪೆಟ್ಟಿಗೆಗಳು ಸಾಲಾಗಿ ಬಂದು ಕೂರುತ್ತವೆ. ನೋಡಲು ಚೆಂದ. ಒಳಗೆ ರಟ್ಟು, ಅಂಚಿಗೆ ಚಿನ್ನದ ಬಣ್ಣದ ಪ್ಲಾಸ್ಟಿಕ್, ಹೇರ್‌ಪಿನ್ನಿಗೂ ತೆರೆದುಕೊಳ್ಳುವ ಬೀಗ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ವೆಲ್ವೆಟ್ಟಿಗೆ ಬೂಷ್ಟು ಹಿಡಿಯುತ್ತದೆ, ಮುಚ್ಚಳದ ಹಿಂಜ್ ಕಿತ್ತು ಬರುತ್ತದೆ. ಆಮೇಲೆ ಅದರಲ್ಲಿ ಸೇಫ್ಟಿ ಪಿನ್ನು, ಮುರಿದ ಕ್ಲಿಪ್ಪು, ರೇಷನ್ ಕಾರ್ಡಿನ ಜೆರಾಕ್ಸು.

ಕೊಳ್ಳುವವರ ಮೇಲೆ ನನಗೇನೂ ಸಿಟ್ಟಿಲ್ಲ. ಮದುವೆ ಮನೆಯ ಗಡಿಬಿಡಿಯಲ್ಲಿ ಸಿಕ್ಕಿದ್ದನ್ನು ಪ್ಯಾಕ್ ಮಾಡಿಸುವುದು ಸಹಜ. ಆದರೆ ಊರಲ್ಲಿ ಒಬ್ಬ ಬಡಗಿ ಇದ್ದು, ಹಿತ್ತಿಲಲ್ಲಿ ಹಳೇ ಬಾಗಿಲಿನ ಹಲಗೆ ಬಿದ್ದಿರುವಾಗ ಮಗಳಿಗೋ ತಂಗಿಗೋ ರಟ್ಟಿನ ಪೆಟ್ಟಿಗೆ ಕೊಟ್ಟು ಕಳಿಸುವುದು ಯಾಕೆ ಅನ್ನುವುದು ನನ್ನ ಪ್ರಶ್ನೆ. ಮದುವೆಯಲ್ಲಿ ಹೆಣ್ಣಿಗೆ ಕೊಡುವ ಸಾಮಾನಿನಲ್ಲಿ ಬೀರು ಇಬ್ಬರದ್ದು, ಮಂಚ ಇಬ್ಬರದ್ದು, ಪಾತ್ರೆ ಇಡೀ ಮನೆಯದ್ದು. ಒಡವೆ ಪೆಟ್ಟಿಗೆ ಮಾತ್ರ ಅವಳೊಬ್ಬಳದು. ಅದನ್ನಾದರೂ ಅವಳನ್ನು ಕೇಳಿ, ಅವಳಿಗಾಗಿ ಯೋಚಿಸಿ ಮಾಡಿಸಬೇಕು.

ಯೋಚಿಸುವುದು ಅಂದರೆ ಮೊದಲು ಅಳೆಯುವುದು. ಅಂಗಡಿ ಪೆಟ್ಟಿಗೆ ಮಾಡಿದವನಿಗೆ ನಿಮ್ಮ ಹುಡುಗಿಯ ಹತ್ತಿರ ಏನಿದೆ ಅಂತ ಗೊತ್ತಿಲ್ಲ. ಕೊಡಗಿನ ಜೋಮಾಲೆ, ಪತ್ತಾಕ್ ಇಡಲು ಬೇಕಾದ ಜಾಗ ಒಂದು ಥರ, ಧಾರವಾಡದ ಕಡೆಯ ಬೋರಮಾಳ ಸರಕ್ಕೆ ಬೇಕಾದ್ದು ಇನ್ನೊಂದು ಥರ. ದಿನಾ ಹಾಕುವ ಎರಡು ಜೊತೆ ಓಲೆ, ಒಂದು ಡಜನ್ ಗಾಜಿನ ಬಳೆ, ಬೆಳ್ಳಿ ಕಾಲುಗೆಜ್ಜೆ, ನಾಲ್ಕು ಒನ್ ಗ್ರಾಂ ಗೋಲ್ಡ್ ಸರ ಇಷ್ಟೇ ಇರುವ ಹುಡುಗಿಗೆ ಮೂರಂತಸ್ತಿನ ಪೆಟ್ಟಿಗೆ ಯಾಕೆ? ಖಾಲಿ ಖಾನೆಗಳು ದಿನಾ ಅವಳಿಗೆ ಇಲ್ಲದ್ದನ್ನೇ ನೆನಪಿಸುತ್ತಿರುತ್ತವೆ.

ವಿನ್ಯಾಸಕ್ಕೆ ಕಂಪ್ಯೂಟರ್ ಬೇಡ. ಒಂದು ಹಳೇ ಪೇಪರ್ ಹಾಸಿ. ಅವಳ ಒಡವೆಗಳನ್ನು ಅವಳೇ ಅದರ ಮೇಲೆ ಜೋಡಿಸಲಿ. ದಿನಾ ಬೇಕಾದ್ದು ಹತ್ತಿರ, ಹಬ್ಬಕ್ಕೆ ಬೇಕಾದ್ದು ದೂರ. ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದರೆ ಅರ್ಧ ನಕ್ಷೆ ಆಯಿತು. ಎತ್ತರ ತೀರ್ಮಾನ ಮಾಡುವುದು ಬಳೆ. ಬಳೆ ಅಂಗಡಿಯಲ್ಲಿ 2.4, 2.6, 2.8 ಅನ್ನುತ್ತಾರಲ್ಲ, ಅದು ದಶಮಾಂಶದ ಲೆಕ್ಕ ಅಲ್ಲ. 2.4 ಅಂದರೆ ಎರಡು ಇಂಚಿನ ಮೇಲೆ ಇಂಚಿನ ಹದಿನಾರನೇ ನಾಲ್ಕು ಭಾಗ, ಅಂದರೆ ಎರಡೂಕಾಲು ಇಂಚು ಒಳವ್ಯಾಸ. 2.8 ಅಂದರೆ ಎರಡೂವರೆ ಇಂಚು. ಬಳೆಯ ದಪ್ಪವನ್ನೂ ಸೇರಿಸಿದರೆ ಖಾನೆಗೆ 3 ಇಂಚು ಆಳ ಬೇಕು. ಅಂಗಡಿ ಪೆಟ್ಟಿಗೆಗಳಲ್ಲಿ ಬಳೆಗಳನ್ನು ಮಲಗಿಸಿ ಇಡಬೇಕಾಗುವುದು, ಅಡಿಯದು ಬೇಕಾದಾಗ ಮೇಲಿನದೆಲ್ಲ ತೆಗೆಯಬೇಕಾಗುವುದು ಈ 3 ಇಂಚು ಬಿಡದೇ ಇರುವುದರಿಂದ. ಖಾನೆಗೆ ಅಡ್ಡಲಾಗಿ ಒಂದು ದುಂಡು ಕೋಲು ಹಾಕಿಸಿ, ಎತ್ತಿ ತೆಗೆಯುವ ಹಾಗಿರಲಿ. ಬಳೆಗಳು ಅದರಲ್ಲಿ ಸಾಲಾಗಿ ನಿಲ್ಲುತ್ತವೆ.

ಕಳೆದ ವರ್ಷ ನಮ್ಮ ಮನೆಯಲ್ಲಿ ತಂಗಿಗೆ ಮಾಡಿಸಿದ ಪೆಟ್ಟಿಗೆಯ ಅಳತೆ ಹೇಳುತ್ತೇನೆ, ಬೇಕಾದರೆ ಬರೆದುಕೊಳ್ಳಿ. ಹೊರಗಿನ ಉದ್ದ 12 ಇಂಚು, ಅಗಲ 8, ಎತ್ತರ 6. ಹಲಗೆಯ ದಪ್ಪ ಅರ್ಧ ಇಂಚು. ಅಡಿಯಲ್ಲಿ 3 ಇಂಚಿನ ಬಳೆ ಖಾನೆ, ಅದರ ಮೇಲೆ 1 ಇಂಚು ಆಳದ, ಎತ್ತಿ ಹೊರಗಿಡಬಹುದಾದ ತಟ್ಟೆ. ತಟ್ಟೆಯಲ್ಲಿ ಓಲೆಗೆ ಸಣ್ಣ ಮನೆಗಳು, ಸರಕ್ಕೆ ಒಂದು ಉದ್ದನೆಯ ಮನೆ. ಸರ ಸಿಕ್ಕಾಗದಿರಲಿ ಅಂತ ಅದಕ್ಕೆ ಬೇರೆ ಅಡ್ಡಪಟ್ಟಿ ಹಾಕಲಿಲ್ಲ. ಇಷ್ಟಕ್ಕೆ ಬೇಕಾದ್ದು ಹಳೇ ಬಾಗಿಲಿನ ಒಂದು ಒಳ್ಳೆಯ ಹಲಗೆ.

ಹಳೇ ಹಲಗೆ ಅಂತ ಒತ್ತಿ ಹೇಳುತ್ತಿರುವುದಕ್ಕೆ ಕಾರಣ ಇದೆ. ಮರ ಕಡಿದ ಮೇಲೂ ಉಸಿರಾಡುತ್ತದೆ ಅನ್ನುತ್ತಾರೆ ಆಚಾರ್ರು. ಮಳೆಗಾಲದಲ್ಲಿ ತೇವ ಹೀರಿ ಅಗಲಕ್ಕೆ ಉಬ್ಬುತ್ತದೆ, ಬೇಸಿಗೆಯಲ್ಲಿ ಸೊರಗುತ್ತದೆ. ಹಸಿ ಮರದಲ್ಲಿ ಮಾಡಿದ ಪೆಟ್ಟಿಗೆ ಯುಗಾದಿಗೆ ಸರಿಯಾಗಿ ಮುಚ್ಚಿದರೆ ಗೌರಿ ಹಬ್ಬಕ್ಕೆ ಮುಚ್ಚುವುದಿಲ್ಲ. ಇಂಚು ದಪ್ಪಕ್ಕೆ ಒಂದು ವರ್ಷ ನೆರಳಲ್ಲಿ ಒಣಗಬೇಕು ಅನ್ನುವುದು ಕಸುಬಿನವರ ಲೆಕ್ಕ. ನಲವತ್ತು ವರ್ಷ ಬಾಗಿಲಾಗಿ ನಿಂತಿದ್ದ ಹಲಗೆಗೆ ಆ ಚಿಂತೆ ಇಲ್ಲ. ಹಳೇ ಮನೆ ಕೆಡವಿ ಆರ್‌ಸಿಸಿ ಕಟ್ಟುವಾಗ ಕಿಟಕಿ, ಬಾಗಿಲು, ತೊಲೆಗಳನ್ನು ಸೌದೆ ಲೆಕ್ಕದಲ್ಲಿ ಮಾರುವವರನ್ನು ನೋಡಿದಾಗ ನನಗೆ ಹೊಟ್ಟೆ ಉರಿಯುತ್ತದೆ. ಅದರಲ್ಲಿ ಎಷ್ಟೋ ಸಲ ತೇಗ, ಹೊನ್ನೆ, ಹಲಸು ಇರುತ್ತದೆ. ಹಲಸು ಕಡಿಮೆ ದರ್ಜೆಯ ಮರ ಅಂದುಕೊಳ್ಳಬೇಡಿ. ವೀಣೆ, ಮೃದಂಗಕ್ಕೆ ಬಳಸುವ ಮರ ಅದು. ಉಜ್ಜುಗೊರಡು ಹಾಕಿದಾಗ ಅರಿಶಿನದ ಬಣ್ಣ, ವರ್ಷ ಕಳೆದಂತೆ ಬೆಲ್ಲದ ಬಣ್ಣಕ್ಕೆ ತಿರುಗುತ್ತದೆ.

ಎರಡು ಎಚ್ಚರಿಕೆ. ಹಲಗೆಯಲ್ಲಿ ಸೂಜಿ ಮೊನೆಯಂತಹ ತೂತು, ತಟ್ಟಿದರೆ ನುಣ್ಣನೆ ಪುಡಿ ಉದುರಿದರೆ ಅದಕ್ಕೆ ಹುಳು ಬಿದ್ದಿದೆ, ಬಿಡಿ. ಇನ್ನು ಬೀಟೆ, ಶ್ರೀಗಂಧದ ಆಸೆ. ಮೈಸೂರಿನ ಬೀಟೆ ಕೆತ್ತನೆಯ ಪೆಟ್ಟಿಗೆ, ಸೊರಬ ಸಾಗರದ ಗುಡಿಗಾರರ ಗಂಧದ ಪೆಟ್ಟಿಗೆ ನೋಡಿದವರಿಗೆ ಅಂಥದ್ದೇ ಬೇಕು ಅನಿಸುತ್ತದೆ. ಆದರೆ ಈ ಮರಗಳು ಸ್ವಂತ ಜಮೀನಿನಲ್ಲಿದ್ದರೂ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಡಿಯುವಂತಿಲ್ಲ. ಯಾರೋ ರಾತ್ರಿ ತಂದು ಕೊಡುವ ತುಂಡಿನಲ್ಲಿ ಮಗಳ ಉಡುಗೊರೆ ಮಾಡಿಸಬೇಡಿ.

ಈಗ ಕೆಲಸಕ್ಕೆ ಬರೋಣ. ಓದುವವರಲ್ಲಿ ಉಳಿ, ಗರಗಸ ಹಿಡಿಯಬಲ್ಲವರು ಇರುತ್ತೀರಿ, ನೀವೇ ಮಾಡಬಹುದು. ಇಲ್ಲದವರು ಇದನ್ನು ಆಚಾರ್ರ ಜೊತೆ ಮಾತಾಡುವಾಗ ನೆನಪಿಟ್ಟುಕೊಳ್ಳಿ.

ಮೂಲೆಗೆ ಮೊಳೆ ಬೇಡ. ಅರ್ಧ ಇಂಚಿನ ಹಲಗೆಯ ತುದಿಗೆ ಮೊಳೆ ಹೊಡೆದರೆ ಸೀಳುತ್ತದೆ, ಸೀಳದಿದ್ದರೆ ಮುಂದೆ ತುಕ್ಕು ಹಿಡಿಯುತ್ತದೆ. ಎರಡು ಕೈಯ ಬೆರಳು ಹೆಣೆದ ಹಾಗೆ ಕಚ್ಚು ಕೊರೆದು ಕೂರಿಸಬೇಕು. ಕೈ ಪಳಗಿದವರು ಪಾರಿವಾಳದ ಬಾಲದಂತೆ ತುದಿಗೆ ಅಗಲವಾಗುವ ಕಚ್ಚು ಹಾಕುತ್ತಾರೆ. ಅದು ಅಂಟು ಬಿಟ್ಟರೂ ಬಿಡುವುದಿಲ್ಲ. ನಾಲ್ಕು ಮೂಲೆಯ ಕಚ್ಚಿಗೇ ಒಂದು ದಿನ ಹೋಗುತ್ತದೆ, ಅವಸರ ಮಾಡಿಸಬೇಡಿ.

ಅಡಿ ಹಲಗೆ ಮತ್ತು ಮೇಲಿನ ಹಲಗೆಯನ್ನು ಗಾಡಿ ತೆಗೆದು ಅದರೊಳಗೆ ಕೂರಿಸಿ, ಅಂಟು ಹಾಕದೆ ಸ್ವಲ್ಪ ಸಡಿಲ ಬಿಡಬೇಕು. ಮಳೆಗಾಲದಲ್ಲಿ ಅದು ಉಬ್ಬಲು ಜಾಗ ಬೇಕು. ಅಂಟು ಹಾಕಿ ಬಿಗಿದರೆ ಹಲಗೆ ಬಿರುಕು ಬಿಡುತ್ತದೆ, ಇಲ್ಲವೇ ಮೂಲೆಯನ್ನೇ ತಳ್ಳಿ ಬಿಡಿಸುತ್ತದೆ.

ಮುಚ್ಚಳದ್ದು ಒಂದು ಜಾಣತನ. ಮುಚ್ಚಳ ಬೇರೆ, ಪೆಟ್ಟಿಗೆ ಬೇರೆ ಮಾಡಿ ಹೊಂದಿಸಲು ಹೋದರೆ ಕೂದಲೆಳೆಯಷ್ಟಾದರೂ ವ್ಯತ್ಯಾಸ ಬಂದೇ ಬರುತ್ತದೆ. ಅದಕ್ಕೆ ಆರೂ ಕಡೆ ಮುಚ್ಚಿದ ಪೆಟ್ಟಿಗೆಯನ್ನೇ ಮೊದಲು ಮಾಡಿಬಿಡುವುದು. ಅಂಟು ಒಂದು ದಿನ ಪೂರ್ತಿ ಒಣಗಿದ ಮೇಲೆ ಮೇಲಿನಿಂದ ಒಂದೂಕಾಲು ಇಂಚಿಗೆ ಸುತ್ತ ಗೆರೆ ಹಾಕಿ ಗರಗಸದಲ್ಲಿ ಕೊಯ್ಯುವುದು. ಆಗ ಮುಚ್ಚಳದ ಮರದ ಎಳೆ ಪೆಟ್ಟಿಗೆಯ ಎಳೆಗೆ ಹಾಗೇ ಮುಂದುವರಿಯುತ್ತದೆ, ಮುಚ್ಚಿದಾಗ ಒಂದೇ ತುಂಡಿನಂತೆ ಕಾಣುತ್ತದೆ. ಮುಚ್ಚಿದ ಪೆಟ್ಟಿಗೆಗೆ ಗರಗಸ ಇಡುವಾಗ ನೋಡುವವರ ಎದೆ ಡವಡವ ಅನ್ನುತ್ತದೆ. ನಮ್ಮಮ್ಮ ಎದ್ದು ಒಳಗೆ ಹೋದರು.

ಹಿಂಜು, ಸ್ಕ್ರೂ ಹಿತ್ತಾಳೆಯದೇ ಇರಲಿ. ಹಿತ್ತಾಳೆ ಸ್ಕ್ರೂ ಮೆದು, ನೇರ ತಿರುಗಿಸಿದರೆ ತಲೆ ಮುರಿಯುತ್ತದೆ. ಸಣ್ಣ ತೂತು ಕೊರೆದು, ಅದೇ ಅಳತೆಯ ಕಬ್ಬಿಣದ ಸ್ಕ್ರೂ ಒಮ್ಮೆ ತಿರುಗಿಸಿ ತೆಗೆದು, ಆಮೇಲೆ ಹಿತ್ತಾಳೆಯದಕ್ಕೆ ಸ್ವಲ್ಪ ಸೋಪು ಸವರಿ ಹಾಕಿದರೆ ಬೆಣ್ಣೆಯಲ್ಲಿ ಇಳಿದಂತೆ ಇಳಿಯುತ್ತದೆ.

ಉಪ್ಪು ಕಾಗದ 80, 120, 220 ಹೀಗೆ ಒರಟಿನಿಂದ ನಯಕ್ಕೆ, ಮರದ ಎಳೆಯ ದಿಕ್ಕಿನಲ್ಲೇ ಉಜ್ಜಬೇಕು. ಹೊಳಪಿಗೆ ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗಿನ ಪಾಲಿಶ್ ಸಾಕು. ಕೆಲವರು ಅಗಸೆ ಎಣ್ಣೆ ಹಚ್ಚುತ್ತಾರೆ, ಚೆನ್ನಾಗಿರುತ್ತದೆ, ಆದರೆ ಒಳಭಾಗಕ್ಕೆ ಬೇಡ, ವಾಸನೆ ತಿಂಗಳುಗಟ್ಟಲೆ ಹೋಗುವುದಿಲ್ಲ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅದು ತಾನಾಗಿಯೇ ಬಿಸಿಯಾಗಿ ಬೆಂಕಿ ಹತ್ತಿಕೊಳ್ಳಬಹುದು, ಹರಡಿ ಒಣಗಿಸಿ. ತೆಂಗಿನ ಎಣ್ಣೆ ಬೇಡವೇ ಬೇಡ, ಅದು ಒಣಗುವುದೇ ಇಲ್ಲ.

ಒಳಗೆ ಹಾಸಲು ಅಜ್ಜಿಯ ಹಳೇ ಹತ್ತಿ ಸೀರೆಗಿಂತ ಒಳ್ಳೆಯದು ಅಂಗಡಿಯಲ್ಲಿ ಸಿಗುವುದಿಲ್ಲ. ರಬ್ಬರ್ ಸ್ಪಾಂಜು ಹಾಕಬೇಡಿ. ರಬ್ಬರಿನಲ್ಲಿರುವ ಗಂಧಕ ಬೆಳ್ಳಿಯನ್ನು ಕಪ್ಪಾಗಿಸುತ್ತದೆ.

ಇನ್ನು ಬೀಗ. ಇಲ್ಲಿಂದ ಮುಂದೆ ಇದು ಬಡಗಿ ಕೆಲಸದ ಮಾತಷ್ಟೇ ಅಲ್ಲ.

ಹಾರ್ಡ್‌ವೇರ್ ಅಂಗಡಿಯಲ್ಲಿ ಪೆಟ್ಟಿಗೆ ಬೀಗ ಕೊಂಡರೆ ಅದರ ಜೊತೆ ಎರಡು ಬೀಗದ ಕೈ ಬರುತ್ತವೆ. ನಮ್ಮ ಕಡೆ ಏನು ಮಾಡುತ್ತಾರೆ ಗೊತ್ತಲ್ಲ. ಒಂದು ಹುಡುಗಿಗೆ, ಇನ್ನೊಂದು ಅತ್ತೆಯ ಕೈಗೆ ಅಥವಾ ಗಂಡನ ಕೈಗೆ. ‘ಇನ್ಮೇಲೆ ನಿಮ್ಮ ಮಗಳು, ನೀವೇ ಇಟ್ಕೊಳ್ಳಿ’ ಅಂತ ಒಂದು ಮಾತು ಬೇರೆ. ಆಡುವವರ ಮನಸ್ಸು ಒಳ್ಳೆಯದೇ ಇರಬಹುದು. ಆದರೆ ಆ ಒಂದು ಮಾತಿನಲ್ಲಿ ಅವಳದನ್ನು ಅವಳ ಕೈಯಿಂದ ತೆಗೆದು ಇನ್ನೊಬ್ಬರ ಸುಪರ್ದಿಗೆ ಕೊಟ್ಟ ಹಾಗೆ ಆಗುತ್ತದೆ.

ಕಾನೂನು ಇದರಲ್ಲಿ ಗೊಂದಲ ಇಟ್ಟಿಲ್ಲ. ಮದುವೆಯ ಮೊದಲು, ಮದುವೆಯಲ್ಲಿ, ಆಮೇಲೆ ಹೆಣ್ಣಿಗೆ ಉಡುಗೊರೆಯಾಗಿ ಬಂದದ್ದು ಸ್ತ್ರೀಧನ. ಅದು ಸಂಪೂರ್ಣವಾಗಿ ಅವಳದು ಅಂತ ಸುಪ್ರೀಂ ಕೋರ್ಟ್ 1985ರಲ್ಲೇ ಪ್ರತಿಭಾ ರಾಣಿ ಪ್ರಕರಣದಲ್ಲಿ ಹೇಳಿತು. 2024ರ ಏಪ್ರಿಲ್‌ನಲ್ಲಿ ಮತ್ತೆ ಹೇಳಿತು: ಹೆಂಡತಿಯ ಸ್ತ್ರೀಧನದ ಮೇಲೆ ಗಂಡನಿಗೆ ಹಕ್ಕಿಲ್ಲ, ಕಷ್ಟದಲ್ಲಿ ಬಳಸಿಕೊಂಡರೂ ತಿರುಗಿ ಕೊಡುವ ಹೊಣೆ ಅವನದು. ನಮ್ಮ ಹಳ್ಳಿಗಳಲ್ಲಿ ಕಷ್ಟ ಅಂದರೆ ಏನು ಅಂತ ಬೇರೆ ಹೇಳಬೇಕಿಲ್ಲ. ಬೋರ್‌ವೆಲ್ ಕೊರೆಸಬೇಕು, ಗೊಬ್ಬರ ತರಬೇಕು, ಆಸ್ಪತ್ರೆ ಬಿಲ್ಲು ಕಟ್ಟಬೇಕು. ಮೊದಲು ಹೋಗುವುದು ಹೆಂಗಸಿನ ಬಳೆ, ಸರ. ಒತ್ತೆ ಇಡುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ, ಆ ಬಂಗಾರದಿಂದಲೇ ಎಷ್ಟೋ ಮನೆ ಉಳಿದಿವೆ. ಆದರೆ ‘ಕೊಡ್ತೀಯಾ?’ ಅಂತ ಅವಳನ್ನು ಕೇಳಿ ಅವಳು ತೆಗೆದುಕೊಡುವುದಕ್ಕೂ, ಅವಳು ಹೊಲಕ್ಕೆ ಹೋದಾಗ ಬೀರು ತೆಗೆದು ಒಯ್ಯುವುದಕ್ಕೂ ವ್ಯತ್ಯಾಸ ಇದೆ. ಅಷ್ಟು ದೊಡ್ಡ ವ್ಯತ್ಯಾಸವನ್ನು ಒಂದು ಸಣ್ಣ ಬೀಗದ ಕೈ ಕಾಯುತ್ತದೆ.

ಹೊಸ ಮನೆಯಲ್ಲಿ ಸೊಸೆ ಬೀಗ ಹಾಕಿಕೊಂಡರೆ ಅನುಮಾನ ಪಟ್ಟ ಹಾಗಾಗುವುದಿಲ್ಲವೇ ಅಂತ ಹಿರಿಯರು ಕೇಳುತ್ತಾರೆ. ಆ ಮನೆಯ ಗಂಡಸಿನ ಬೀರುವಿನಲ್ಲಿ ಪಹಣಿ, ಪಾಸ್‌ಬುಕ್ಕು ಬೀಗದಲ್ಲೇ ಇರುತ್ತವೆ. ಅದನ್ನು ಯಾರೂ ಅನುಮಾನ ಅನ್ನುವುದಿಲ್ಲ, ಜವಾಬ್ದಾರಿ ಅನ್ನುತ್ತಾರೆ. ಹೆಣ್ಣು ಹಾಕಿದರೂ ಅದು ಜವಾಬ್ದಾರಿಯೇ.

ನಾವು ಮುಚ್ಚಳದಲ್ಲಿ ಒಂದು ಕೆಲಸ ಮಾಡಿಸಿದೆವು, ಪೆಟ್ಟಿಗೆಯಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಅದು. ಮುಚ್ಚಳದ ಒಳಗಡೆ ಮುಕ್ಕಾಲು ಇಂಚು ಜಾಗ ಇರುತ್ತದಲ್ಲ, ಅದಕ್ಕೆ ತೆಳುವಾದ ಹಲಗೆಯೊಂದನ್ನು ಕೂರಿಸಿ ಎರಡು ಸಣ್ಣ ತಿರುಗಣಿಯಲ್ಲಿ ನಿಲ್ಲಿಸಿದರು. ಹಿಂದೆ ಕಾಗದ ಇಡುವ ಜಾಗ ಆಯಿತು. ಅಲ್ಲಿ ಒಡವೆ ಅಂಗಡಿಯ ರಸೀದಿಗಳು ಮತ್ತು ಒಂದು ಪಟ್ಟಿ ಇವೆ.

ಪಟ್ಟಿ ಅಂದರೆ ಏನೋ ಹೊಸದಲ್ಲ. ನಮ್ಮ ಮದುವೆಗಳಲ್ಲಿ ಮುಯ್ಯಿ ಬರೆಯುವವರು ಚಪ್ಪರದ ಬಾಗಿಲಲ್ಲೇ ಕೂತಿರುತ್ತಾರೆ. ಯಾರು ಎಷ್ಟು ಹಾಕಿದರು ಅಂತ ಒಂದು ರೂಪಾಯಿ ಬಿಡದೆ ಬರೆಯುತ್ತಾರೆ. ಅಷ್ಟು ಶಿಸ್ತಿರುವ ನಾವು ಹುಡುಗಿಗೆ ಬಂದ ಒಡವೆಯನ್ನು ಮಾತ್ರ ಬರೆಯುವುದಿಲ್ಲ. ವರದಕ್ಷಿಣೆ ನಿಷೇಧ ಕಾಯ್ದೆಯ ಅಡಿಯಲ್ಲಿ 1985ರಲ್ಲಿ ಬಂದ ನಿಯಮಗಳು ಇದನ್ನೇ ಹೇಳುತ್ತವೆ. ಮದುಮಗಳಿಗೆ ಬಂದ ಉಡುಗೊರೆಗಳ ಪಟ್ಟಿ ಇಡಬೇಕು, ವಸ್ತು ಏನು, ಅಂದಾಜು ಬೆಲೆ ಎಷ್ಟು, ಕೊಟ್ಟವರು ಯಾರು, ಏನು ಸಂಬಂಧ ಅಂತ ಬರೆಯಬೇಕು, ಗಂಡು ಹೆಣ್ಣು ಇಬ್ಬರೂ ಸಹಿ ಹಾಕಬೇಕು, ಆ ಪಟ್ಟಿ ಮದುಮಗಳ ಹತ್ತಿರವೇ ಇರಬೇಕು. ಮುಯ್ಯಿ ಪುಸ್ತಕ ಬರೆಯುವ ಅದೇ ಮಾವನಿಗೆ ಇನ್ನೊಂದು ಹಾಳೆ ಕೊಟ್ಟರೆ ಹತ್ತು ನಿಮಿಷದ ಕೆಲಸ. ಒಂದು ಮಾತು: ಕೇಳಿ ವಸೂಲಿ ಮಾಡಿದ್ದು ವರದಕ್ಷಿಣೆಯೇ, ಪಟ್ಟಿಯಲ್ಲಿ ಬರೆದ ಮಾತ್ರಕ್ಕೆ ಅದು ಉಡುಗೊರೆ ಆಗುವುದಿಲ್ಲ.

ಮರದ ಪೆಟ್ಟಿಗೆ ಕಳ್ಳನನ್ನು ತಡೆಯುವುದಿಲ್ಲ, ಅದನ್ನೂ ಹೇಳಿಬಿಡಬೇಕು. ಎತ್ತಿಕೊಂಡು ಹೋಗಬಹುದು. ದೊಡ್ಡ ಒಡವೆ ಬ್ಯಾಂಕ್ ಲಾಕರಿನಲ್ಲಿಡುವವರು ಇಡಿ, ಆದರೆ ಲಾಕರ್ ಅವಳ ಹೆಸರಿನಲ್ಲೂ ಇರಲಿ, ಅದರ ಕಾಗದದ ನಕಲು ಈ ಮುಚ್ಚಳದೊಳಗೆ ಬರಲಿ.

ಮತ್ತೊಂದು ಆಕ್ಷೇಪ ನಮ್ಮ ಗೆಳೆಯರ ಬಳಗದಿಂದಲೇ ಬಂತು. ಬಂಗಾರದ ವ್ಯಾಮೋಹ ಈಗಲೇ ಜಾಸ್ತಿ, ಅದಕ್ಕೊಂದು ಪೆಟ್ಟಿಗೆ ಬೇರೆ ಮಾಡಿಸಿ ಅಂತ ಬರೆಯುತ್ತೀಯಲ್ಲ ಅಂತ. ಸಾಲ ಮಾಡಿ ಬಂಗಾರ ಹಾಕುವುದನ್ನು ನಾನೂ ಒಪ್ಪುವುದಿಲ್ಲ. ಆದರೆ ಪೆಟ್ಟಿಗೆಗೆ ಬಂಗಾರವೇ ಬೇಕೆಂದು ಯಾರು ಹೇಳಿದರು? ಗಾಜಿನ ಬಳೆ, ಅಜ್ಜಿಯ ಮೂಗುಬೊಟ್ಟು, ಮಾರ್ಕ್ಸ್ ಕಾರ್ಡು, ಅವಳದೇ ಬ್ಯಾಂಕ್ ಪಾಸ್‌ಬುಕ್ಕು ಇವೂ ಅವಳ ಸ್ವತ್ತೇ. ಮದುವೆಯ ತನಕ ಕಾಯಬೇಕಿಲ್ಲ, ಪಿಯುಸಿ ಮುಗಿಸಿದ ಹುಡುಗಿಗೂ ಕೊಡಬಹುದು. ಒಳಗೆ ಏನಿಡಬೇಕು ಅನ್ನುವುದು ಅವಳಿಗೆ ಬಿಟ್ಟದ್ದು.

ಕೊನೆಗೆ ಮಾಡುವವರ ವಿಷಯ. ಒಂದು ಕಾಲಕ್ಕೆ ಬಡಗಿ ಊರಿನ ಆಯಗಾರರಲ್ಲಿ ಒಬ್ಬ. ನೇಗಿಲು, ಕುಂಟೆ, ಗಾಡಿ ಮಾಡಿಕೊಟ್ಟು ಸುಗ್ಗಿಯಲ್ಲಿ ಕಣದಿಂದಲೇ ಆಯ ಪಡೆಯುತ್ತಿದ್ದ. ನೇಗಿಲು ಹೋಗಿ ಟ್ರ್ಯಾಕ್ಟರ್ ಬಂತು, ಬಾಗಿಲಿಗೆ ಪ್ಲೈವುಡ್, ಪ್ಲಾಸ್ಟಿಕ್ ಬಂತು. ಮಕ್ಕಳು ಬೆಂಗಳೂರಿಗೆ ಹೋಗಿ ಫ್ಲ್ಯಾಟುಗಳ ಅಡುಗೆಮನೆಗೆ ಲ್ಯಾಮಿನೇಟ್ ಅಂಟಿಸುತ್ತಿದ್ದಾರೆ. ಕೇಂದ್ರ ಸರ್ಕಾರ 2023ರ ಸೆಪ್ಟೆಂಬರ್ 17ರಂದು ಶುರು ಮಾಡಿದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಡಗಿತನವೂ ಇದೆ, ಉಪಕರಣಕ್ಕೆ 15,000 ರೂಪಾಯಿ ನೆರವು, ಶೇ 5ರ ಬಡ್ಡಿಯಲ್ಲಿ ಸಾಲ ಇದೆ. ಒಳ್ಳೆಯದೇ. ಆದರೆ ಹೊಸ ಉಳಿ ಕೊಟ್ಟರೆ ಸಾಲದು, ಆ ಉಳಿಗೆ ಕೆಲಸ ಕೊಡುವವರು ಬೇಕು. ಅದನ್ನು ಸರ್ಕಾರ ಮಾಡಲಾರದು, ನಾವೇ ಮಾಡಬೇಕು.

ಕೆಲಸ ಕೊಡುವಾಗ ಚೌಕಾಸಿಯ ರೀತಿಯೂ ಬದಲಾಗಬೇಕು. ‘ಇಷ್ಟು ಸಣ್ಣ ಪೆಟ್ಟಿಗೆಗೆ ಅಷ್ಟಾ?’ ಅನ್ನುವವರು ಮರದ ತೂಕ ನೋಡಿ ಬೆಲೆ ಕಟ್ಟುತ್ತಾರೆ. ಬಾಗಿಲಿಗಿಂತ ಪೆಟ್ಟಿಗೆ ಕಷ್ಟ. ಬಾಗಿಲಲ್ಲಿ ನೂಲೆಳೆ ಹೆಚ್ಚುಕಡಿಮೆ ಯಾರ ಕಣ್ಣಿಗೂ ಬೀಳದು, ಪೆಟ್ಟಿಗೆಯಲ್ಲಿ ಬೀಳುತ್ತದೆ. ನಮ್ಮದಕ್ಕೆ ನಾಲ್ಕು ದಿನ ಹಿಡಿಯಿತು, ನಾಲ್ಕು ದಿನದ ಪೂರ್ತಿ ಕೂಲಿ ಕೊಟ್ಟೆವು. ಜೊತೆಗೆ ನಕ್ಷೆ ಹಾಕಲು ಕೂತ ಒಂದು ಸಂಜೆಗೂ ಅರ್ಧ ದಿನದ ಲೆಕ್ಕ ಕೊಟ್ಟಾಗ ಆಚಾರ್ರು ಬೇಡ ಬೇಡ ಅಂದರು, ಯೋಚನೆ ಮಾಡಿದ್ದಕ್ಕೆ ಯಾರೂ ದುಡ್ಡು ಕೊಟ್ಟಿಲ್ಲವಂತೆ. ಯೋಚನೆಯೂ ಕೆಲಸವೇ. ಬಳೆ ಕೋಲು ಎತ್ತಿ ತೆಗೆಯುವ ಹಾಗಿರಲಿ ಅಂತ ಹೊಳೆದದ್ದು ಅವರಿಗೇ.

ಆಷಾಢ ಮುಗಿದು ಶ್ರಾವಣದಲ್ಲಿ ಮದುವೆ ಇಟ್ಟುಕೊಂಡವರು ಈಗಲೇ ಹೋಗಿ ಮಾತಾಡಿ. ಮಳೆಯಲ್ಲಿ ಅಂಟು ಒಣಗಲು ಹೆಚ್ಚು ಹೊತ್ತು ಬೇಕು, ತೇವದ ದಿನ ಅರಗಿನ ಪಾಲಿಶ್ ಹಚ್ಚಿದರೆ ಬಿಳಿ ಮಬ್ಬು ಕೂರುತ್ತದೆ, ಬಿಸಿಲು ಬಿದ್ದ ದಿನಕ್ಕೆ ಕಾಯಬೇಕಾಗುತ್ತದೆ. ಹೋಗುವಾಗ ಹುಡುಗಿಯನ್ನೂ ಕರೆದುಕೊಂಡು ಹೋಗಿ.